ಬಣ್ಣಕ್ಕೆ ಮರುಳಾಗುವ ಕಣ್ಣು, ಖರ್ಚಿಗೆ ಓಡುವ ಕೈ



ಗಂಗಾವತಿ, ಕಾರಟಗಿ ಭಾಗದಲ್ಲಿ ಭತ್ತ ನಾಟಿಯಾಗಿ ಒಂದು ತಿಂಗಳು ಕಳೆಯುವ ಹೊತ್ತಿಗೆ ರೈತರು ನಮ್ಮನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ. "ಬಾಜೂ ಗದ್ದಿ ಕರ್ರಗ ಐತ್ರಿ, ನಮ್ದ್ಯಾಕ ಬೆಳ್ಳಗ ಕಾಣ್ತೈತಿ?" ಇಲ್ಲಿ ಕರ್ರಗೆ ಎಂದರೆ ಕಡುಹಸಿರು, ಬೆಳ್ಳಗೆ ಎಂದರೆ ತಿಳಿಹಸಿರು. ಕೇಳಿದವರು ಉತ್ತರಕ್ಕೆ ಕಾಯುವುದು ಕಡಿಮೆ. ಮರುದಿನವೇ ಎಕರೆಗೊಂದು ಚೀಲ ಯೂರಿಯಾ ಗದ್ದೆಗೆ ಬಿದ್ದಿರುತ್ತದೆ. ಅದನ್ನು ಮಣ್ಣು ಕೇಳಿರಲಿಲ್ಲ, ಬೆಳೆಯೂ ಕೇಳಿರಲಿಲ್ಲ. ಪಕ್ಕದ ಗದ್ದೆಯ ಬಣ್ಣ ಕೇಳಿತ್ತು.

ಬಣ್ಣವು ಮನುಷ್ಯನ ತಿಳಿವಳಿಕೆಯ ಮೇಲೂ ನಡವಳಿಕೆಯ ಮೇಲೂ ಪ್ರಭಾವ ಬೀರುತ್ತದೆ ಎಂಬ ಮಾತು ಹೊಸದೇನಲ್ಲ. ಆದರೆ ಅದು ಬಟ್ಟೆ ಅಂಗಡಿಯವರಿಗೆ, ಸಾಬೂನು ಮಾರುವವರಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ನಾವು ತಿಳಿದುಕೊಂಡಿದ್ದೇವೆ. ವಾಸ್ತವವಾಗಿ ಬೀಜ ಕೊಳ್ಳುವುದರಿಂದ ಹಿಡಿದು ಮಾಲು ಮಾರುವವರೆಗೆ ರೈತನಷ್ಟು ಬಣ್ಣವನ್ನು ನಂಬಿ ಹಣ ಹಾಕುವವರು ಬೇರೆ ಇಲ್ಲ. ಬಣ್ಣ ಕೆಲವು ಕಡೆ ನಿಜ ಹೇಳುತ್ತದೆ, ಕೆಲವು ಕಡೆ ದಾರಿ ತಪ್ಪಿಸುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಬೆಳೆಗಳನ್ನೇ ಇಟ್ಟುಕೊಂಡು ಇದನ್ನು ವಿಚಾರ ಮಾಡೋಣ.

ಕಣ್ಣಿನ ಸ್ವಭಾವ

ನಮ್ಮ ಕಣ್ಣಿನ ಒಳಪರೆಯಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಜೀವಕೋಶಗಳಿವೆ. ಈ ಮೂರರ ವರದಿಯನ್ನು ಮಿದುಳು ಒಂದಕ್ಕೊಂದು ಹೋಲಿಸಿ ನೋಡಿ 'ಇದು ಇಂಥ ಬಣ್ಣ' ಎಂದು ತೀರ್ಮಾನಿಸುತ್ತದೆ. ಹಗಲು ಬೆಳಕಿನಲ್ಲಿ ನಮ್ಮ ಕಣ್ಣು ಎಲ್ಲಕ್ಕಿಂತ ಚುರುಕಾಗಿರುವುದು ಹಳದಿ ಮಿಶ್ರಿತ ಹಸಿರಿಗೆ. ಆದ್ದರಿಂದ ಅಕ್ಕಪಕ್ಕ ಇಟ್ಟ ಎರಡು ಹಸಿರುಗಳಲ್ಲಿ ಅಲ್ಪಸ್ವಲ್ಪ ಭೇದವಿದ್ದರೂ ನಾವು ಥಟ್ಟನೆ ಹೇಳಬಲ್ಲೆವು. ಆದರೆ ಹೋದ ವಾರ ಕಂಡ ಹಸಿರು ಎಷ್ಟು ಗಾಢವಾಗಿತ್ತು ಎಂದು ಕೇಳಿದರೆ ನೆನಪಿನಿಂದ ಸರಿಯಾಗಿ ಹೇಳಲಾರೆವು. ಕಣ್ಣು ಹೋಲಿಕೆ ಮಾಡುತ್ತದೆ, ಅಳತೆ ಮಾಡುವುದಿಲ್ಲ. ಮುಂದೆ ಹೇಳುವ ಮಾತೆಲ್ಲಕ್ಕೂ ಇದೇ ಬುಡ.

ಹೋಲಿಕೆಯಿಂದ ಆಗುವ ಮೋಸಕ್ಕೆ ಒಂದು ಹಳೆಯ ಉದಾಹರಣೆಯಿದೆ. ಪ್ಯಾರಿಸ್ ಪಟ್ಟಣದ ಗೋಬ್ಲಾಂ ಎಂಬ ಹೆಸರಾಂತ ನೇಕಾರಿಕೆ ಕಾರ್ಖಾನೆಯಲ್ಲಿ ಷೆವ್ರೊಲ್ ಎಂಬ ರಸಾಯನ ವಿಜ್ಞಾನಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ. ಕರಿ ನೂಲಿಗೆ ಹಾಕುವ ಬಣ್ಣದಲ್ಲಿ ಸತ್ವವಿಲ್ಲ, ನೇಯ್ದ ಮೇಲೆ ಮಂಕಾಗಿ ಕಾಣುತ್ತದೆ ಎಂದು ಅವನಿಗೆ ದೂರು ಬಂತು. ಪರೀಕ್ಷೆ ಮಾಡಿ ನೋಡಿದರೆ ಬಣ್ಣದಲ್ಲಿ ಯಾವ ದೋಷವೂ ಇರಲಿಲ್ಲ. ಕರಿ ನೂಲಿನ ಪಕ್ಕದಲ್ಲಿ ನೀಲಿ, ನೇರಳೆ ನೂಲು ಇದ್ದುದರಿಂದ ಕಪ್ಪು ಮಂಕಾಗಿ ಕಾಣುತ್ತಿತ್ತು. ಪಕ್ಕದ ಬಣ್ಣವು ಈ ಬಣ್ಣವನ್ನು ಹೇಗೆ ಬದಲಿಸಿ ತೋರಿಸುತ್ತದೆ ಎಂಬುದರ ಮೇಲೆ ಅವನು 1839ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಭಾಗ್ಯನಗರದ ನೇಕಾರರಿಗೆ, ಕಿನ್ನಾಳದ ಚಿತ್ರಗಾರರಿಗೆ ಇದನ್ನು ಪುಸ್ತಕದಿಂದ ತಿಳಿಸಬೇಕಾಗಿಲ್ಲ. ಇಳಕಲ್ಲ ಸೀರೆಯ ಕೆಂಪು ಸೆರಗಿನಲ್ಲಿ ಬಿಳಿ ತೆನೆ ಅಷ್ಟು ಬೆಳ್ಳಗೆ ಹೊಳೆಯುವುದಕ್ಕೆ ಅದರ ಸುತ್ತಲಿನ ಕೆಂಪೂ ಕಾರಣ.

ಗದ್ದೆಯ ಬದುವಿನ ಮೇಲೆ ನಿಂತಾಗಲೂ ಆಗುವುದು ಇದೇ. ಪಕ್ಕದವರು ಅಗತ್ಯಕ್ಕಿಂತ ಹೆಚ್ಚು ಯೂರಿಯಾ ಹಾಕಿ ಬೆಳೆಯನ್ನು ಕರ್ರಗೆ ಮಾಡಿಕೊಂಡಿದ್ದರೆ, ಸರಿಯಾಗಿರುವ ನಿಮ್ಮ ಬೆಳೆ ಬಡವಾಗಿ ಕಾಣುತ್ತದೆ. ನೀವು ಹಾಕಿದಿರೆಂದು ಆಚೆ ಬದುವಿನವರೂ ಹಾಕುತ್ತಾರೆ. ಒಂದು ವಿತರಣಾ ಕಾಲುವೆಯ ಉದ್ದಕ್ಕೂ ಈ ಪೈಪೋಟಿ ಹರಿದು ಹೋಗುವುದನ್ನು ನಾವು ಹಂಗಾಮು ಹಂಗಾಮಿಗೂ ನೋಡುತ್ತಿದ್ದೇವೆ.

ಕಡುಹಸಿರಿನ ಬೆಲೆ

ಎಲೆ ಹಸಿರಾಗಿರುವುದು ಪತ್ರಹರಿತ್ತಿನಿಂದ. ಪತ್ರಹರಿತ್ತಿಗೆ ಸಾರಜನಕ ಬೇಕು. ಆದುದರಿಂದ ಎಲೆಯ ಹಸಿರು ಸಾರಜನಕದ ಗುರುತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಹಂತ ದಾಟಿದ ಮೇಲೆ ಹಸಿರು ಏರುತ್ತದೆಯೇ ಹೊರತು ಕಾಳು ಏರುವುದಿಲ್ಲ. ಹೆಚ್ಚಾದ ಸಾರಜನಕದಿಂದ ಎಲೆ ಮೆತ್ತಗಾಗುತ್ತದೆ, ಪೈರು ಒತ್ತಾಗಿ ಬೆಳೆದು ಬುಡದಲ್ಲಿ ಗಾಳಿ ಆಡುವುದಿಲ್ಲ. ಬೆಂಕಿ ರೋಗಕ್ಕೂ ಎಲೆ ಸುರುಳಿ ಹುಳುವಿಗೂ ಕಂದು ಜಿಗಿಹುಳುವಿಗೂ ಬೇಕಾದ ವಾತಾವರಣ ಅದೇ. ಜಿಗಿಹುಳು ಬಿದ್ದು ಗದ್ದೆ ನಡುವೆ ಸುಟ್ಟಂತೆ ವರ್ತುಲಗಳಾಗುವುದನ್ನು ತುಂಗಭದ್ರಾ ಎಡದಂಡೆಯ ರೈತರಿಗೆ ವಿವರಿಸಬೇಕಾಗಿಲ್ಲ. ಅಂಥ ಬೆಳೆ ಕಾಳು ಕಟ್ಟುವಾಗ ಗಾಳಿಮಳೆಗೆ ನೆಲಕ್ಕೆ ಬೀಳುವುದೂ ಹೆಚ್ಚು. ಯೂರಿಯಾ ಸಹಾಯಧನದಿಂದಾಗಿ ಅಗ್ಗವಾಗಿ ಸಿಗುತ್ತದೆ, ನಿಜ. ಆದರೆ ಅದರ ಹಿಂದೆಯೇ ಬರುವ ಎರಡು ಮೂರು ಸಿಂಪರಣೆಗಳು ಅಗ್ಗವಲ್ಲ.

ಹಾಗಾದರೆ ಕಣ್ಣನ್ನು ನಂಬುವುದೇ ಬೇಡವೇ? ನಂಬಿರಿ, ಆದರೆ ಅದಕ್ಕೊಂದು ಅಳತೆಗೋಲು ಕೊಟ್ಟು ನಂಬಿರಿ. ಎಲೆಬಣ್ಣದ ಪಟ್ಟಿ ಎಂಬುದು ಅಂಥ ಸಾಧನ. ಜಪಾನಿನಲ್ಲಿ ಮೊದಲು ಬಳಕೆಗೆ ಬಂದ ಈ ಪಟ್ಟಿಯನ್ನು ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು 1990ರ ದಶಕದಲ್ಲಿ ಏಷ್ಯಾದ ರೈತರಿಗೆ ಹೊಂದುವಂತೆ ಸುಧಾರಿಸಿತು. ಅಂಗೈ ಅಗಲದ ಪ್ಲಾಸ್ಟಿಕ್ ಹಲಗೆಯ ಮೇಲೆ ತಿಳಿಹಸಿರಿನಿಂದ ಕಡುಹಸಿರಿನವರೆಗೆ ನಾಲ್ಕು ಅಥವಾ ಆರು ಪಟ್ಟೆಗಳಿರುತ್ತವೆ. ಪ್ರತಿ ಪಟ್ಟೆಗೂ ಒಂದು ಸಂಖ್ಯೆ ಇರುತ್ತದೆ. ಇದರಲ್ಲಿ ಯಂತ್ರವಿಲ್ಲ, ಬ್ಯಾಟರಿ ಇಲ್ಲ, ಕೆಡುವಂಥದ್ದು ಏನೂ ಇಲ್ಲ. ಬಹುಶಃ ಅದಕ್ಕಾಗಿಯೇ ಕ್ಷೇತ್ರೋತ್ಸವಗಳಲ್ಲಿ ಇದನ್ನು ಕೈಗೆ ಕೊಟ್ಟಾಗ ಅನೇಕರು ಮಕ್ಕಳ ಆಟಿಕೆ ನೋಡಿದಂತೆ ನೋಡುತ್ತಾರೆ.

ಬಳಸುವ ಕ್ರಮ ಹೀಗಿದೆ. ನಾಟಿ ಮಾಡಿದ 14 ದಿನಗಳ ನಂತರ ಆರಂಭಿಸಿ ಹೂ ಕಾಣಿಸುವವರೆಗೆ 7ರಿಂದ 10 ದಿನಗಳಿಗೊಮ್ಮೆ ಗದ್ದೆ ನೋಡಬೇಕು. ರೋಗ, ಕೀಟ ಇಲ್ಲದ 10 ಗುಣಿಗಳನ್ನು ಅಲ್ಲೊಂದು ಇಲ್ಲೊಂದರಂತೆ ಆರಿಸಿ, ಪ್ರತಿ ಗುಣಿಯಲ್ಲಿ ಪೂರ್ತಿ ಬಿಚ್ಚಿಕೊಂಡ ಮೇಲಿನ ಎಲೆಯನ್ನು ಹಿಡಿಯಿರಿ. ಎಲೆಯನ್ನು ಕೀಳಬೇಡಿ. ಅದರ ನಡುಭಾಗವನ್ನು ಪಟ್ಟಿಯ ಮೇಲಿಟ್ಟು ಯಾವ ಸಂಖ್ಯೆಗೆ ಹೊಂದುತ್ತದೆ ನೋಡಿ. ಎರಡರ ನಡುವೆ ಬಂದರೆ ನಡುವಿನ ಸಂಖ್ಯೆ ಬರೆದುಕೊಳ್ಳಿ, ಅಂದರೆ 3 ಮತ್ತು 4ರ ನಡುವೆ ಇದ್ದರೆ 3.5. ನೋಡುವಾಗ ಬಿಸಿಲಿಗೆ ಬೆನ್ನು ಮಾಡಿ ನಿಮ್ಮ ನೆರಳು ಎಲೆಯ ಮೇಲೆ ಬೀಳುವಂತೆ ನಿಲ್ಲಬೇಕು. ಏಕೆಂದರೆ ನೇರ ಬಿಸಿಲಿನಲ್ಲಿ ಎಲೆ ಹೊಳೆದು ಬಣ್ಣ ತಪ್ಪಾಗಿ ಕಾಣುತ್ತದೆ. ಬೆಳಿಗ್ಗೆ 8ರಿಂದ 10ರ ಒಳಗೆ ನೋಡುವುದು ಒಳ್ಳೆಯದು. ಪ್ರತಿಸಲವೂ ಅದೇ ಹೊತ್ತಿಗೆ, ಅದೇ ವ್ಯಕ್ತಿ ನೋಡಬೇಕು. ಒಬ್ಬರ ಕಣ್ಣಿನಂತೆ ಇನ್ನೊಬ್ಬರ ಕಣ್ಣು ಇರುವುದಿಲ್ಲ.

ಹತ್ತರಲ್ಲಿ ಆರು ಅಥವಾ ಹೆಚ್ಚು ಎಲೆಗಳು ನಿಗದಿತ ಸಂಖ್ಯೆಗಿಂತ ಕಡಿಮೆ ತೋರಿಸಿದರೆ ಮಾತ್ರ ಎಕರೆಗೆ ಸುಮಾರು 25 ಕಿಲೋಗ್ರಾಂ ಯೂರಿಯಾ ಮೇಲುಗೊಬ್ಬರವಾಗಿ ಕೊಡಬೇಕು. ಇಲ್ಲದಿದ್ದರೆ ಚೀಲದ ಬಾಯಿ ಬಿಚ್ಚಬಾರದು. ನಾಟಿ ಭತ್ತದ ಹೆಚ್ಚಿನ ತಳಿಗಳಿಗೆ ಈ ನಿಗದಿತ ಸಂಖ್ಯೆ 4. ಹುಟ್ಟಿನಿಂದಲೇ ತಿಳಿಹಸಿರು ಎಲೆಯಿರುವ ತಳಿಗಳಿಗೆ 3. ನಿಮ್ಮ ತಳಿ ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಮ್ಮೆ ಕೇಳಿ ತಿಳಿದುಕೊಳ್ಳಿ. ಈ ಭೇದ ತಿಳಿಯದೆ ತಿಳಿಹಸಿರು ತಳಿಯನ್ನು ಕಡುಹಸಿರು ಮಾಡಹೊರಟರೆ ಗೊಬ್ಬರ ವ್ಯರ್ಥವಾಗುತ್ತದೆ.

ಎಲ್ಲ ಹಳದಿಯೂ ಒಂದೇ ಅಲ್ಲ

ಹಸಿರಿನಂತೆಯೇ ಹಳದಿಯೂ ಕೈಯನ್ನು ಯೂರಿಯಾ ಚೀಲದ ಕಡೆಗೆ ಒಯ್ಯುತ್ತದೆ. ಸಾರಜನಕದ ಕೊರತೆಯಲ್ಲಿ ಹಳದಿ ಮೊದಲು ಕಾಣುವುದು ಕೆಳಗಿನ ಹಳೆಯ ಎಲೆಗಳಲ್ಲಿ, ತುದಿಯಿಂದ ಆರಂಭವಾಗಿ. ಹೊಸ ಎಲೆ ಹಳದಿಯಾಗಿ ಹಳೆಯ ಎಲೆ ಹಸಿರಾಗಿದ್ದರೆ ಕೊರತೆ ಬೇರೆಯದು. ಅದು ಗಂಧಕದ್ದಿರಬಹುದು, ಕಬ್ಬಿಣದ್ದಿರಬಹುದು. ಸಸಿಮಡಿಯಲ್ಲಿ ಹೊಸ ಎಲೆಗಳು ಹಾಲಿನಂತೆ ಬಿಳಿಚಿಕೊಂಡರೆ ಅದು ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಬೆರೆಸಿ ಸಿಂಪಡಿಸಿದರೆ ಗುಣ ಕಾಣುತ್ತದೆ. ನಾಟಿಯಾದ 2ರಿಂದ 4 ವಾರಗಳಲ್ಲಿ ಪೈರು ಕುಗ್ಗಿ, ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಮೂಡಿದರೆ ಅದು ಸತುವಿನ ಕೊರತೆ. ಇದನ್ನು ಖೈರಾ ಎನ್ನುತ್ತಾರೆ. 1960ರ ದಶಕದಲ್ಲಿ ಪಂತನಗರದಲ್ಲಿ ಡಾ. ವೈ. ಎಲ್. ನೆನೆ ಅವರು ಇದರ ಕಾರಣ ಕಂಡುಹಿಡಿಯುವ ಮೊದಲು ರೈತರು ಇದನ್ನು ಅಂಟುರೋಗವೆಂದೇ ತಿಳಿದಿದ್ದರು. ಇಲ್ಲಿ ಎಷ್ಟು ಯೂರಿಯಾ ಸುರಿದರೂ ಪ್ರಯೋಜನವಿಲ್ಲ. ಎಕರೆಗೆ 10 ಕಿಲೋಗ್ರಾಂ ಸತುವಿನ ಸಲ್ಫೇಟ್ ಬೇಕು, ಅದೂ ಡಿಎಪಿ ಜೊತೆ ಬೆರೆಸದೆ. ಕುಷ್ಟಗಿ, ಯಲಬುರ್ಗಾ ಕಡೆಯ ಗೋವಿನಜೋಳದಲ್ಲಿ ಎಳೆಯ ಪೈರಿನ ಕೆಳಗಿನ ಎಲೆಗಳು ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕದ ಕಡೆ ಲಕ್ಷ್ಯ ಕೊಡಬೇಕು.

ಕಾಲುವೆ ಕೊನೆಯ ಹಳ್ಳಿಗಳಲ್ಲಿ ಇನ್ನೊಂದು ಹಳದಿ ಇದೆ. ಎಲೆಯ ತುದಿ ಬಿಳುಪೇರಿ ಒಣಗುತ್ತದೆ, ಗದ್ದೆ ಅಲ್ಲಲ್ಲಿ ಬೋಳಾಗುತ್ತದೆ, ನೀರು ಆರಿದಾಗ ನೆಲದ ಮೇಲೆ ಬಿಳಿ ಹೊದಿಕೆ ಕಾಣುತ್ತದೆ. ಇದು ಚೌಳು. ಇಲ್ಲಿ ಬೇಕಾದದ್ದು ಬಸಿಗಾಲುವೆ. ಮಣ್ಣು ಕ್ಷಾರವಾಗಿದ್ದರೆ ಪರೀಕ್ಷೆಯಂತೆ ಜಿಪ್ಸಂ ಕೊಡಬೇಕು. ಕ್ಷಾರ ಮಣ್ಣಿನಲ್ಲಿ ನೆಲದ ಮೇಲೆ ಎಣ್ಣೆ ಚೆಲ್ಲಿದಂತೆ ಕಪ್ಪು ಬಣ್ಣ ನಿಲ್ಲುವುದೂ ಉಂಟು. ಅದನ್ನು ಫಲವತ್ತಾದ ಮೆಕ್ಕಲು ಎಂದುಕೊಂಡವರನ್ನು ನಾನು ಕಂಡಿದ್ದೇನೆ.

ಕಪ್ಪು ಎಂದೊಡನೆ ಫಲವತ್ತು ಎನ್ನುವುದು ನಮ್ಮಲ್ಲಿ ಬೇರೂರಿದ ನಂಬಿಕೆ. ಯಲಬುರ್ಗಾ, ಕುಕನೂರು ಭಾಗದಲ್ಲಿ ಎರೆ ಹೊಲಕ್ಕಿರುವ ಮರ್ಯಾದೆ ಮಸಾರಿಗಿಲ್ಲ. ಎರೆ ಮಣ್ಣು ನೀರನ್ನು ಹಿಡಿದಿಟ್ಟುಕೊಂಡು ಹಿಂಗಾರಿ ಕಡಲೆ, ಜೋಳವನ್ನು ದಡ ಸೇರಿಸುತ್ತದೆ ಎಂಬುದು ನಿಜ. ಆದರೆ ಆ ಕಪ್ಪು ಸಾವಯವ ಅಂಶದ ಗುರುತಲ್ಲ. ನಮ್ಮ ಒಣ ಪ್ರದೇಶದ ಎರೆಗಳಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. 'ಕರಿ ಹೊಲ, ಅದಕ್ಯಾಕ ತಿಪ್ಪಿಗೊಬ್ಬರ' ಎಂದು ಇದ್ದಬದ್ದ ಗೊಬ್ಬರವನ್ನೆಲ್ಲ ಮಸಾರಿಗೆ ಹಾಕುವ ರೂಢಿಯನ್ನು ಬಿಡಬೇಕು.

ಪೇಟೆಯ ಕಣ್ಣು

ಬಣ್ಣಕ್ಕೆ ಮರುಳಾಗುವುದು ರೈತ ಮಾತ್ರ ಅಲ್ಲ. ಕೊಳ್ಳುವವನೂ ಹಾಗೆಯೇ. ಬಣ್ಣವು ನಾಲಿಗೆಯನ್ನೇ ಮೋಸಗೊಳಿಸುತ್ತದೆ ಎಂಬುದಕ್ಕೆ ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸಾಕ್ಷಿ. ದ್ರಾಕ್ಷಾರಸದ ಶಾಸ್ತ್ರವನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ದ್ರಾಕ್ಷಾರಸಕ್ಕೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಡಲಾಯಿತು. ಅವರು ಅದರ ಪರಿಮಳವನ್ನು ಕೆಂಪು ದ್ರಾಕ್ಷಾರಸಕ್ಕೆ ಹೇಳುವ ಮಾತುಗಳಲ್ಲೇ ವರ್ಣಿಸಿದರು. ಕಲಿತವರ ಗತಿಯೇ ಹೀಗಾದರೆ ಸಂತೆಯಲ್ಲಿ ನಿಂತು ಹಣ್ಣು ಆರಿಸುವವರನ್ನು ಏನೆನ್ನುವುದು?

ಕುಷ್ಟಗಿ, ಕೊಪ್ಪಳದ ದಾಳಿಂಬೆ ಬೆಳೆಗಾರರಿಗೆ ಇದರ ಲಾಭವೂ ಗೊತ್ತು, ಸಂಕಟವೂ ಗೊತ್ತು. ಒಂದು ಕಾಲಕ್ಕೆ ಎಲ್ಲೆಡೆ ಇದ್ದ ಗಣೇಶ್ ತಳಿಯ ಕಾಳು ತಿಳಿಗುಲಾಬಿ, ಮೆದು ಬೀಜ, ರುಚಿಗೆ ಏನೂ ಕೊರತೆಯಿಲ್ಲ. ಆದರೂ ಸಿಪ್ಪೆ, ಕಾಳು ಎರಡೂ ಕೆಂಪಾದ ಭಗವಾ ಬಂದ ಮೇಲೆ ಅದು ಹಿಂದೆ ಸರಿಯಿತು. ಕೆಂಪಿಗೆ ಬೆಲೆ ಇದೆಯೆಂದು ಸಿಪ್ಪೆ ಕೆಂಪಾದೊಡನೆ ಹಣ್ಣು ಕೀಳುವುದು ಮಾತ್ರ ಸರಿಯಲ್ಲ. ಸಿಪ್ಪೆಗೆ ಬಣ್ಣ ಬಂದರೂ ಒಳಗಿನ ರಸಕ್ಕೆ ಸಿಹಿ ಬಂದಿರುವುದಿಲ್ಲ. ದಾಳಿಂಬೆ ಒಮ್ಮೆ ಕಿತ್ತ ಮೇಲೆ ಬಾಳೆ, ಮಾವಿನಂತೆ ಮನೆಯಲ್ಲಿ ಮಾಗುವುದೂ ಇಲ್ಲ. ಹೂ ಬಿಟ್ಟ ದಿನದಿಂದ ಎಣಿಕೆ ಇಟ್ಟುಕೊಳ್ಳಿ. ಹಣ್ಣಿನ ಮೈ ಅಂಚು ಕಟ್ಟಿದಂತಾಗಿ, ಬುಡದ ಕಿರೀಟ ಒಳಕ್ಕೆ ಮುಚ್ಚಿಕೊಂಡು, ಬೆರಳಿನಿಂದ ತಟ್ಟಿದರೆ ಲೋಹದಂಥ ಸದ್ದು ಬರಬೇಕು. ಇಲ್ಲಿ ಕಣ್ಣಿಗಿಂತ ಕಿವಿ ಮೇಲು. ಹಣ್ಣು ವಿಂಗಡಿಸುವುದನ್ನೂ ಮುಸ್ಸಂಜೆಯಲ್ಲಿ ಮಾಡಬೇಡಿ. ಬೆಳಕು ಕುಂದಿದಂತೆ ಕಣ್ಣಿಗೆ ಕೆಂಪು ಮೊದಲು ಕಪ್ಪಾಗುತ್ತದೆ, ಹಸಿರು ಇನ್ನೂ ತಿಳಿಯಾಗಿಯೇ ಉಳಿಯುತ್ತದೆ. ಇದನ್ನು 19ನೆಯ ಶತಮಾನದಲ್ಲಿ ಪುರ್ಕಿನ್ಯೆ ಎಂಬ ಶರೀರ ವಿಜ್ಞಾನಿ ಗುರುತಿಸಿದ. ಗೂಡ್ಸ್ ಗಾಡಿ ಕಾಯುತ್ತಿದೆಯೆಂದು ಸಂಜೆ ಅವಸರದಲ್ಲಿ ಕಟ್ಟಿದ ಡಬ್ಬಿ ಬೆಳಿಗ್ಗೆ ಪೇಟೆಯಲ್ಲಿ ಬೇರೆಯೇ ಬಣ್ಣ ತೋರಿಸುತ್ತದೆ.

ಬಿಳಿಯ ಮೋಹ ಇನ್ನೂ ಹಳೆಯದು. ಅಕ್ಕಿ ಬೆಳ್ಳಗಿದ್ದಷ್ಟೂ ಒಳ್ಳೆಯದೆಂಬ ಭಾವನೆಯಿಂದ ಗಿರಣಿಯಲ್ಲಿ ಮತ್ತೆ ಮತ್ತೆ ಪಾಲಿಷ್ ಮಾಡಿಸುತ್ತೇವೆ. ತೌಡಿನೊಂದಿಗೆ ಹೋಗುವ ಸತ್ವವೇನೆಂಬುದು 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ಡಚ್ ವೈದ್ಯನು ಕೋಳಿಗಳ ಮೇಲೆ ಮಾಡಿದ ಪ್ರಯೋಗಗಳಿಂದ ಬೆಳಕಿಗೆ ಬರತೊಡಗಿತು. ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲು ಸೋತವು, ತೌಡು ಸಿಕ್ಕ ಮೇಲೆ ಚೇತರಿಸಿಕೊಂಡವು. ಇದೇ ಮೋಹದ ಇನ್ನೊಂದು ಮುಖ ಸಜ್ಜೆ. ಕುಷ್ಟಗಿ, ಯಲಬುರ್ಗಾದ ಮಸಾರಿಯಲ್ಲಿ ಅಲ್ಪ ಮಳೆಗೂ ಬರುವ, ಕಬ್ಬಿಣದ ಅಂಶ ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚಿರುವ ಈ ಧಾನ್ಯದ ರೊಟ್ಟಿ ಬೂದು ಬಣ್ಣವೆಂಬ ಒಂದೇ ಕಾರಣಕ್ಕೆ ಬೀಗರ ಊಟದಲ್ಲಿ ಹಿಂದೆ ಬಿತ್ತು. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಪೇಟೆಯವರು ಅದನ್ನು ಹುಡುಕುತ್ತಿದ್ದಾರೆ. ನಾವು ಬಿಟ್ಟದ್ದನ್ನು ಅವರು ಹೆಚ್ಚಿನ ಬೆಲೆಗೆ ಕೊಳ್ಳುತ್ತಿದ್ದಾರೆ.

ಕಾನೂನು ಕಟ್ಟಿಕೊಟ್ಟ ಬಣ್ಣಗಳು

ಕೆಲವು ಬಣ್ಣಗಳಿಗೆ ಸರ್ಕಾರವೇ ಅರ್ಥ ನಿಗದಿ ಮಾಡಿದೆ. ಬೀಜದ ಚೀಲಕ್ಕೆ ಹೊಲಿದ ಚೀಟಿ ಬಂಗಾರದ ಹಳದಿಯಾದರೆ ತಳಿವರ್ಧಕ ಬೀಜ, ಬಿಳಿಯಾದರೆ ಮೂಲಬೀಜ, ನೀಲಿಯಾದರೆ ಪ್ರಮಾಣಿತ ಬೀಜ. ಇದರಲ್ಲಿ ಗೊಂದಲವಿಲ್ಲ. ಗೊಂದಲವಿರುವುದು ಪೀಡೆನಾಶಕ ಡಬ್ಬಿಯ ಮೇಲಿನ ಬಣ್ಣದಲ್ಲಿ, ಮತ್ತು ಅಲ್ಲಿ ತಪ್ಪಿದರೆ ಹೋಗುವುದು ಹಣವಷ್ಟೇ ಅಲ್ಲ.

1971ರ ಕೀಟನಾಶಕ ನಿಯಮಗಳಂತೆ ಪ್ರತಿ ಡಬ್ಬಿಯ ಮೇಲೂ ಮೂಲೆಯ ಮೇಲೆ ನಿಲ್ಲಿಸಿದ ಚೌಕವಿರುತ್ತದೆ. ಅದರ ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ಅತಿ ತೀವ್ರ ವಿಷ, ಹಳದಿಯಾಗಿದ್ದರೆ ತೀವ್ರ ವಿಷ, ನೀಲಿಯಾಗಿದ್ದರೆ ಮಧ್ಯಮ, ಹಸಿರಾಗಿದ್ದರೆ ಅಲ್ಪ. ಇಲಿಯಂಥ ಪ್ರಾಣಿಗಳಿಗೆ ತಿನ್ನಿಸಿದಾಗ ಅವುಗಳಲ್ಲಿ ಅರ್ಧದಷ್ಟು ಸಾಯಲು ದೇಹದ ಒಂದು ಕಿಲೋಗ್ರಾಂ ತೂಕಕ್ಕೆ ಎಷ್ಟು ಮಿಲಿಗ್ರಾಂ ಬೇಕು ಎಂಬುದರ ಮೇಲೆ ಈ ವಿಂಗಡಣೆ ಆಗಿದೆ. ಕೆಂಪಿಗೆ 1ರಿಂದ 50, ಹಳದಿಗೆ 51ರಿಂದ 500, ನೀಲಿಗೆ 501ರಿಂದ 5000, ಹಸಿರಿಗೆ 5000ಕ್ಕೂ ಹೆಚ್ಚು.

ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ಗಮನಿಸಬೇಕು. ಈ ಬಣ್ಣ ಹೇಳುವುದು ಔಷಧಿಯು ಮನುಷ್ಯನಿಗೂ ದನಕರುಗಳಿಗೂ ಎಷ್ಟು ಅಪಾಯ ಎಂಬುದನ್ನು. ಹುಳುವಿನ ಮೇಲೆ ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನಲ್ಲ. 'ಕೆಂಪಿಂದು ಕೊಡ್ರಿ, ಅದು ಪವರ್ ಐತಿ' ಎಂದು ಅಂಗಡಿಯಲ್ಲಿ ಕೇಳುವವರು ಹುಳುವಿಗೆಂದು ತಿಳಿದು ತಮಗೇ ಹೆಚ್ಚಿನ ವಿಷವನ್ನು ಕೇಳಿ ಒಯ್ಯುತ್ತಾರೆ. ಅದೇ ರೀತಿ ಹಸಿರು ತ್ರಿಕೋನವನ್ನು ರಸ್ತೆಯ ಹಸಿರು ದೀಪದಂತೆ ತಿಳಿದು ಬರಿಗೈಯಲ್ಲಿ ಕಲಸುವವರೂ ಇದ್ದಾರೆ. ಹಸಿರೂ ವಿಷವೇ. ಕೈಗವಸು, ಮೂಗುಬಟ್ಟೆ, ತುಂಬುತೋಳಿನ ತಿಳಿಬಣ್ಣದ ಅಂಗಿ ಅದಕ್ಕೂ ಬೇಕು. ತಿಳಿಬಣ್ಣ ಏಕೆಂದರೆ ಔಷಧಿ ಚೆಲ್ಲಿದ ಕಲೆ ಅದರ ಮೇಲೆ ಬೇಗ ಕಾಣುತ್ತದೆ.

ಇನ್ನೊಂದು ಮಾತು. ಗಂಡಸರಲ್ಲಿ ನೂರಕ್ಕೆ ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಹಸಿರುಗಳ ಭೇದ ಸರಿಯಾಗಿ ತಿಳಿಯುವುದಿಲ್ಲ. ಹೆಂಗಸರಲ್ಲಿ ಇದು ಬಹಳ ವಿರಳ. ಹೆಸರಾಂತ ರಸಾಯನ ವಿಜ್ಞಾನಿ ಜಾನ್ ಡಾಲ್ಟನ್‌ಗೆ ಈ ದೋಷವಿತ್ತು. 1794ರಲ್ಲಿ ಅವನೇ ಅದನ್ನು ವಿವರಿಸಿದ. ಅನೇಕರಿಗೆ ತಮಗೆ ಹೀಗಿದೆ ಎಂಬುದೇ ತಿಳಿದಿರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಹಸಿರೆಲೆಗಳ ನಡುವಿನ ಕೆಂಪು ಮೆಣಸಿನಕಾಯಿ ಬೇಗ ಕಾಣದಿದ್ದರೆ ಎಲೆಬಣ್ಣದ ಪಟ್ಟಿಯನ್ನೂ ಡಬ್ಬಿಯ ಮೇಲಿನ ತ್ರಿಕೋನವನ್ನೂ ಬೇರೆಯವರು ನೋಡಲಿ. ಮನೆಯ ಹೆಣ್ಣುಮಕ್ಕಳು ಈ ಕೆಲಸಕ್ಕೆ ಹೆಚ್ಚು ಯೋಗ್ಯರು.

ಬಣ್ಣವನ್ನು ತಪ್ಪು ಓದಿದ ಅತಿ ದೊಡ್ಡ ದುರಂತ ನಡೆದದ್ದು ಇರಾಕ್ ದೇಶದಲ್ಲಿ. 1971ರಲ್ಲಿ ಅಲ್ಲಿನ ರೈತರಿಗೆ ಬಿತ್ತನೆಗಾಗಿ ಪರದೇಶದಿಂದ ತರಿಸಿದ ಗೋಧಿ, ಬಾರ್ಲಿ ಹಂಚಲಾಯಿತು. ಶಿಲೀಂಧ್ರ ತಡೆಯಲು ಅದಕ್ಕೆ ಪಾದರಸದ ಸಂಯುಕ್ತ ಲೇಪಿಸಿ, ತಿನ್ನಬಾರದೆಂಬ ಸೂಚನೆಗಾಗಿ ಕೆಂಪು ಬಣ್ಣ ಹಾಕಲಾಗಿತ್ತು. ಚೀಲದ ಮೇಲಿನ ಎಚ್ಚರಿಕೆ ಅವರಿಗೆ ತಿಳಿಯದ ಭಾಷೆಯಲ್ಲಿತ್ತು. ಕೆಲವರು ಕಾಳನ್ನು ತೊಳೆದರು. ಬಣ್ಣ ಹೋಯಿತು. ಬಣ್ಣದೊಂದಿಗೆ ವಿಷವೂ ಹೋಯಿತೆಂದು ನಂಬಿ ರೊಟ್ಟಿ ಮಾಡಿ ತಿಂದರು. ಪಾದರಸದ ಲಕ್ಷಣಗಳು ಕಾಣಲು ವಾರಗಳೇ ಬೇಕು. ಆದ್ದರಿಂದ ಮೊದಲು ತಿಂದವರಿಗೆ ಏನೂ ಆಗದಿದ್ದುದನ್ನು ಕಂಡು ಉಳಿದವರೂ ತಿಂದರು. 6,530 ಜನ ಆಸ್ಪತ್ರೆ ಸೇರಿದರು. ಅವರಲ್ಲಿ 459 ಜನ ಆಸ್ಪತ್ರೆಯಲ್ಲೇ ತೀರಿಕೊಂಡರು.

ನಮ್ಮ ಗೋವಿನಜೋಳ, ಸೂರ್ಯಕಾಂತಿ, ಹತ್ತಿ ಬೀಜಗಳಿಗೆ ಈಗ ಪಾದರಸ ಹಾಕುವುದಿಲ್ಲ. ಆದರೆ ಬೇರೆ ಶಿಲೀಂಧ್ರನಾಶಕ, ಕೀಟನಾಶಕಗಳ ಲೇಪನ ಇದ್ದೇ ಇರುತ್ತದೆ. ಬೀಜದ ಮೇಲಿನ ಗುಲಾಬಿ, ಕೆಂಪು, ನೀಲಿ ಬಣ್ಣ ಅದರದೇ ಗುರುತು. ಬಿತ್ತಿ ಉಳಿದ ಒಂದೆರಡು ಕಿಲೋ ಕಾಳನ್ನು ತೊಳೆದು ಕೋಳಿಗೆ ಹಾಕುವುದು, ದನದ ನುಚ್ಚಿಗೆ ಬೆರೆಸುವುದು ಈ ಭಾಗದಲ್ಲಿ ಇನ್ನೂ ನಡೆದಿದೆ. ಹಾಗೆ ಮಾಡಬೇಡಿ. ದೊಡ್ಡವರಿಗೆ ಎಚ್ಚರಿಕೆಯಾಗಿ ಕಾಣುವ ಬಣ್ಣ ಮಕ್ಕಳಿಗೆ ಪೆಪ್ಪರಮೆಂಟಿನಂತೆ ಕಾಣುತ್ತದೆ. ಆದ್ದರಿಂದ ಉಳಿದ ಬೀಜವನ್ನು ಅದರದೇ ಪಾಕೀಟಿನಲ್ಲಿ ಕಟ್ಟಿ, ಔಷಧಿ ಡಬ್ಬಿಗಳೊಂದಿಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಅಡಿಗೆ ಮನೆಯ ನಾಗಂದಿಗೆಯ ಮೇಲೆ ಇಡಬೇಡಿ. ಖಾಲಿಯಾದ ಚೀಲ ಎಷ್ಟೇ ಗಟ್ಟಿಯಾಗಿದ್ದರೂ ಅದರಲ್ಲಿ ಜೋಳ, ಬೇಳೆ ತುಂಬಬೇಡಿ. ಕೊಡವಿದರೆ ಬಣ್ಣ ಉದುರೀತು, ಔಷಧಿ ನೂಲಿನಲ್ಲೇ ಉಳಿದಿರುತ್ತದೆ.